ದೋಣಿಗೆ ಬಾಯಿ ಹಾಕಿದ ಕೆಂಚ

ಆದಿವಾಲ
೧೩ ಜನವರಿ ೧೯೦೮, ಸೋಮವಾರ

ಅಕ್ಕ ಯಲ್ಲಕ್ಕನಿಗೆ ತಮ್ಮ ಮೂರ್ತಪ್ಪನ ನಮಸ್ಕಾರ. ಭಾವ ಕಾಟಲಿಂಗಪ್ಪನವರಿಗೂ ನಿಮ್ಮ ಅತ್ತೆ ಓಬವ್ವನವರಿಗೂ ನಮಸ್ಕಾರ. ಕಾಗದ ಓದಿ ಹೇಳುತ್ತಿರುವ ಮೇಷ್ಟ್ರಿಗೂ, ಜಗಲಿ ತುಂಬ ಕುಳಿತು ಕೇಳುತ್ತಿರುವ ಹಟ್ಟಿಯವರಿಗೂ ನಮಸ್ಕಾರ. ನಾವಿಲ್ಲಿ ಕ್ಷೇಮ ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ.

ಎರಡು ವರ್ಷದ ಹಿಂದೆ, ಮರಿಯಾಗಿದ್ದಾಗ, ಭಾವ ಕಂಬಳಿಯಲ್ಲಿ ಸುತ್ತಿ ತಂದುಕೊಟ್ಟ ನಮ್ಮ ನಾಯಿ ಕೆಂಚ ನಿನ್ನೆ ಸಾಯಂಕಾಲ ತೀರಿಕೊಂಡ. ಅಳಬೇಡ ಅಕ್ಕ, ಪೂರಾ ಕೇಳು. ಅದು ಸಾವಲ್ಲ ಎನ್ನುತ್ತಿದ್ದಾರೆ ಎಲ್ಲರೂ.

ನಿನ್ನೆ ನಮ್ಮ ಮನೆಯಲ್ಲಿ ಮೈಲಾರಸ್ವಾಮಿಯ ದೋಣಿ ತುಂಬಿಸಿದೆವು. ನಮ್ಮ ಒಕ್ಕಲಿನ ಪದ್ಧತಿ ನಿನಗೆ ಗೊತ್ತೇ ಇದೆ. ಮನೆಮಂದಿಯ ಜೊತೆಗೆ ನಾಯಿಗೂ ಉಪವಾಸ. ಮರದ ತೊಟ್ಟಿಯಂಥ ದೋಣಿಯಲ್ಲಿ ಅನ್ನ, ಹಾಲು, ಬೆಲ್ಲ, ಬಾಳೆಹಣ್ಣು ಕಲಸಿಟ್ಟರೆ ಮೊದಲ ಬಾಯಿ ನಾಯಿಯದು, ಆಮೇಲೆ ಸ್ವಾಮಿಯ ಗೊರವಯ್ಯನದು, ಕಡೆಗೆ ನಮ್ಮದು. ಕೆಂಚ ಬಾಯಿ ಹಾಕಿದವನು ತಲೆ ಎತ್ತಲಿಲ್ಲ. ನೋಡುನೋಡುತ್ತಿದ್ದಂತೆ ಅರ್ಧ ದೋಣಿ ಖಾಲಿ. ಬಾನಿಯ ನೀರು ಗಟಗಟ ಕುಡಿದ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಸುತ್ತತೊಡಗಿದ. ಮಲಗಿದ, ಎದ್ದ, ಮತ್ತೆ ಮಲಗಿದ. ಮುಂಗಾಲು ಚಾಚಿ ಎದೆ ನೆಲಕ್ಕೆ ಬಗ್ಗಿಸಿ ದೇವರಿಗೆ ಅಡ್ಡಬಿದ್ದ ಹಾಗೆ ನಿಂತ. ಬಾಯ ತುಂಬ ಜೊಲ್ಲು, ನೊರೆ. ಒಳಗಿನಿಂದ ಹೊಕ್ ಹೊಕ್ ಎಂದು ಸದ್ದು ಬರುತ್ತಿತ್ತು, ಹೊರಗೆ ಒಂದು ಅಗುಳೂ ಬೀಳಲಿಲ್ಲ. ಗೊರವಯ್ಯ ಡಮರುಗ ಎತ್ತಿಕೊಂಡು, “ಸ್ವಾಮಿ ಬಂದವ್ನೆ ಕಣ್ರಪ್ಪೋ! ನಾಯಿ ಮೈಮೇಲೆ ಬಂದವ್ನೆ! ಏಳುಕೋಟಿಗೋ!” ಎಂದು ಕೂಗಿದ. ಜನ ಎದ್ದು ನಿಂತು ಕೈ ಮುಗಿದರು. ಕೆಂಚನ ತಲೆಯ ಮೇಲೆ ಭಂಡಾರದ ಅರಿಶಿನ ಸುರಿದರು, ಅವನು ಪೂರ್ತಿ ಹಳದಿಯಾದ.

ಹೊತ್ತು ಮುಳುಗುವ ಮೊದಲು ಸ್ವಾಮಿ ಅವನನ್ನು ಕರೆದುಕೊಂಡ. ಕೆರೆದಾರಿಯ ಹುಣಸೆಮರದ ಕೆಳಗೆ ಮಣ್ಣು ಮಾಡಿ ಕಲ್ಲು ನೆಟ್ಟಿದ್ದೇವೆ. ಇವತ್ತು ಬೆಳಿಗ್ಗೆ ಜವನಗೊಂಡನಹಳ್ಳಿಯಿಂದಲೂ ಜನ ಬಂದು ಕಾಯಿ ಒಡೆದು ಹೋದರು.

ನಿನ್ನ ತಮ್ಮ
ಮೂರ್ತಪ್ಪ


ಗುಡ್ಡದಹಟ್ಟಿ, ಹೊಸದುರ್ಗದ ಸೀಮೆ
೨೫ ಜನವರಿ, ಶನಿವಾರ

ತಮ್ಮ ಮೂರ್ತಪ್ಪನಿಗೆ ಅಕ್ಕನ ಆಶೀರ್ವಾದ. ನಿನ್ನ ಹೆಂಡತಿ ಈರಕ್ಕನಿಗೂ.

ನಾನು ಹೇಳಿದ್ದನ್ನು ಮೇಷ್ಟ್ರು ಬರೆಯುತ್ತಿದ್ದಾರೆ. ಜಗಲಿಯಲ್ಲಿ ಕುಳಿತು ಬರೆಸುವುದೆಂದರೆ ಸಂತೆಯಲ್ಲಿ ತಲೆ ಬಾಚಿಕೊಂಡಂತೆ. ನಾನೊಂದು ಹೇಳಿದರೆ ಅತ್ತೆ ಇನ್ನೊಂದು ಸೇರಿಸುತ್ತಾರೆ, ನಿಮ್ಮ ಭಾವ ಮತ್ತೊಂದು. ಮೇಷ್ಟ್ರು ಎಲ್ಲರ ಮಾತನ್ನೂ ಬರೆದರೆ ಕಾಗದ ಸಾಲುವುದಿಲ್ಲ.

ನಿನ್ನ ಕಾಗದ ಓದಿದ ದಿನ ಅತ್ತೆ ಬಾಗಿಲಿಗೇ ಕಾಯಿ ಒಡೆದರು. ನಾನು ಒಳಗೆ ಹೋಗಿ ಅಳುತ್ತ ಕುಳಿತೆ. ನಾನು ಕೈಯಾರೆ ಹಾಲು ನೆಕ್ಕಿಸಿ ಬೆಳೆಸಿದ ಮರಿಯಲ್ಲವೇ ಅದು. ಹೊರಗೆ ಬರುವಷ್ಟರಲ್ಲಿ ಹಟ್ಟಿಯ ಹೆಂಗಸರೆಲ್ಲ ಸೇರಿದ್ದರು. ಮೂರು ಹೆಣ್ಣು ಹೆತ್ತವಳೆಂದು ನನ್ನನ್ನು ನೋಡಿ ಮೂಗು ಮುರಿಯುತ್ತಿದ್ದವರು ಈಗ “ಸ್ವಾಮಿ ಬಂದ ಮನೆಯಿಂದ ಬಂದ ಹೆಣ್ಣುಮಗಳು” ಎಂದು ಕುಂಕುಮ ಇಟ್ಟರು. ಅತ್ತೆ ಮೊದಲ ಸಲ ನನ್ನ ಕೈಯಿಂದ ದೇವರ ದೀಪ ಹಚ್ಚಿಸಿದರು. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಕೆಂಚ ಹುಟ್ಟಾ ಆತುರಗಾರ. ಒಡಹುಟ್ಟಿದ ಮಾಳ ಮೊಲೆಗೆ ಬಾಯಿ ಹಾಕುವಷ್ಟರಲ್ಲಿ ಅವನು ಕುಡಿದು ಕೆಮ್ಮುತ್ತಿದ್ದ. ಅದಕ್ಕೇ ಮರಿ ಕೊಡುವಾಗ ನಿನಗೆ ಹೇಳಿ ಕಳಿಸಿದ್ದೆ. ಮುದ್ದೆಯನ್ನು ಮುರಿದು ಅಗಲ ಚಪ್ಪಡಿಯ ಮೇಲೆ ಹರಡು, ನಡುವೆ ಗುಂಡುಕಲ್ಲುಗಳನ್ನು ಇಡು, ಕಲ್ಲು ಸುತ್ತಿ ಸುತ್ತಿ ನಿಧಾನವಾಗಿ ತಿನ್ನಲಿ, ಒಂದೇ ಸಲಕ್ಕೆ ಹೊಟ್ಟೆ ತುಂಬ ಹಾಕಬೇಡ, ಉಂಡ ಮೇಲೆ ಬಾನಿಗೆ ಬಿಡಬೇಡ, ಓಡಿಸಬೇಡ ಎಂದು. ಹಾಗೇ ಮಾಡುತ್ತಿದ್ದೆಯಾ?

ಇನ್ನೊಂದು ವಿಷಯ. ನಿಮ್ಮ ಭಾವ ಬರುವ ಭರತ ಹುಣ್ಣಿಮೆಗೆ ನಮ್ಮ ಮಾಳನಿಗೂ ದೋಣಿ ತುಂಬಿಸುತ್ತಾರಂತೆ. “ಒಂದೇ ತಾಯಿ ಮಕ್ಳು. ಅವ್ನ ಮೇಲೆ ಬಂದ ಸ್ವಾಮಿ ಇವ್ನ ಮೇಲೆ ಬರಾಕಿಲ್ವೇನು?” ಎನ್ನುತ್ತಾರೆ. ನಿಮ್ಮ ಗೊರವಯ್ಯನಿಗೇ ಹೇಳಿ ಕಳಿಸಿದ್ದಾರೆ.

ನಿನ್ನ ಅಕ್ಕ
ಯಲ್ಲಕ್ಕ


ಆದಿವಾಲ
೩ ಫೆಬ್ರವರಿ, ಸೋಮವಾರ

ಅಕ್ಕನಿಗೆ ನಮಸ್ಕಾರಗಳು.

ಕಾಗದ ತಲುಪಿತು. ನೀನು ಕೇಳಿದ ಚಪ್ಪಡಿ ಅಂಗಳದಲ್ಲೇ ಇದೆ. ಗುಂಡುಕಲ್ಲುಗಳೂ ಇವೆ.

ಮಾಳನ ದೋಣಿಯ ವಿಷಯ ಭಾವ ಇನ್ನೊಮ್ಮೆ ಯೋಚನೆ ಮಾಡಲಿ. ಬೇಸಿಗೆ ಹತ್ತಿರ ಬಂತು, ಗುಡ್ಡದಿಂದ ತೋಳ ಇಳಿಯುವ ಕಾಲ. ನಿಮ್ಮ ಮಂದೆಗೆ ಮಾಳನಂಥ ಕಾವಲು ಇನ್ನೊಂದಿಲ್ಲ. ಕಾವಲು ನಾಯಿಯನ್ನು ಉಪವಾಸ ಕೆಡವಬಾರದು ಎಂದು ಹಿರಿಯರು ಹೇಳುತ್ತಿದ್ದರು. ಯಾರು ಹೇಳಿದರೆಂದು ಈಗ ನೆನಪಿಲ್ಲ. ಸ್ವಾಮಿ ಬರುವುದಿದ್ದರೆ ಬೇರೆ ದಾರಿಯಲ್ಲಿ ಬರುತ್ತಾನೆ, ನಾಯಿಯ ಮೇಲೇ ಬರಬೇಕೆಂದು ಹಟ ಯಾಕೆ? ಒಂದು ವೇಳೆ ಮಾಡಲೇಬೇಕೆಂದಿದ್ದರೆ ದೋಣಿಗೆ ಸ್ವಲ್ಪವೇ ಹಾಕಿ. ಒಂದು ಹಿಡಿಯಷ್ಟು. ಅಷ್ಟೇ ಸಾಕು.

ಇಲ್ಲಿ ಹುಣಸೆಮರದ ಕೆಳಗೆ ಜನ ಬರುವುದು ನಿಂತಿಲ್ಲ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಕಂಬಳಿ ವ್ಯಾಪಾರಕ್ಕೆ ಹೋದಲ್ಲೆಲ್ಲ “ಕುಂತ್ಕಳ್ರಿ ಮೂರ್ತಪ್ಪಾರೆ” ಎಂದು ಚಾಪೆ ಹಾಸುತ್ತಾರೆ. ಈರಕ್ಕ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ಅವಳಿಗೆ ಮೈ ಸರಿಯಿಲ್ಲವೇನೋ.

ಮೂರ್ತಪ್ಪ


ಗುಡ್ಡದಹಟ್ಟಿ
೯ ಫೆಬ್ರವರಿ, ಭಾನುವಾರ

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದದಿಂದ ಮನೆಯಲ್ಲಿ ಬೆಂಕಿ ಬಿತ್ತು. ಮೇಷ್ಟ್ರು ಓದಿ ಮುಗಿಸುವ ಮೊದಲೇ ನಿಮ್ಮ ಭಾವ ಎದ್ದು ನಿಂತರು. “ನಿನ್ ತಮ್ಮಂಗೆ ಹೊಟ್ಟೆಕಿಚ್ಚು ಕಣೇ! ಸ್ವಾಮಿ ಅವ್ನ ಅಂಗಳಕ್ಕಷ್ಟೇ ಬರ್ಬೇಕೇನು? ಒಂದು ಹಿಡಿ ಹಾಕ್ಬೇಕಂತೆ! ದೇವ್ರಿಗೆ ಭಿಕ್ಷೆ ಹಾಕ್ದಂಗೆ!” ಎಂದರು. ಅತ್ತೆ, “ಉಂಡ ಮನೆ ಗಳ ಎಣಿಸೋನು ಅವ್ನು” ಎಂದರು. ಮರಿ ಕೊಟ್ಟವರು ನಾವು, ದೊಡ್ಡಸ್ತಿಕೆ ನಿನ್ನದು ಎಂಬುದು ಅವರ ಕೋಪ. ಹಟ್ಟಿಯವರ ಮುಂದೆ ನಾನು ತಲೆ ತಗ್ಗಿಸಿ ಕುಳಿತೆ.

ಚಪ್ಪಡಿ ಅಂಗಳದಲ್ಲೇ ಇದೆ ಎಂದು ಬರೆದಿದ್ದೀಯ. ಚಪ್ಪಡಿ ಎಲ್ಲಿದೆ ಎಂದು ನಾನು ಕೇಳಿರಲಿಲ್ಲ.

ಹುಣ್ಣಿಮೆ ನಾಳೆ ಬಿಟ್ಟು ಮುಂದಿನ ಸೋಮವಾರ, ಹದಿನೇಳನೇ ತಾರೀಕು. ಶನಿವಾರ ಸಂಜೆಯಿಂದಲೇ ಮಾಳನನ್ನು ಉಪವಾಸ ಕಟ್ಟುತ್ತಾರಂತೆ, ಕೆಂಚನ ಹಾಗೆ ಒಂದೇ ಉಸಿರಿಗೆ ದೋಣಿ ಖಾಲಿ ಮಾಡಬೇಕಂತೆ. ನೀನು ಬಂದರೆ ಒಳ್ಳೆಯದಿತ್ತು. ನಿನಗೆ ಬೇರೆ ಏನಾದರೂ ಹೇಳುವುದಿದ್ದರೆ ಬಂದೇ ಹೇಳು. ಮೇಷ್ಟ್ರು ಈ ಸಾಲನ್ನು ಎರಡು ಸಲ ಓದಿ ತೋರಿಸಿದರು. ಹೌದು, ಹೀಗೇ ಬರೆಯಿರಿ ಎಂದೆ.

ಯಲ್ಲಕ್ಕ


ಆದಿವಾಲ
೧೪ ಫೆಬ್ರವರಿ, ಶುಕ್ರವಾರ

ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳುತ್ತೇನೆ. ಇದನ್ನು ಜಗಲಿಯಲ್ಲಿ ಓದಬೇಡಿ. ಅಕ್ಕನೊಬ್ಬಳನ್ನೇ ಕರೆದು ಹೇಳಿ. ಇಷ್ಟು ದಿನ ನಾನು ಬರೆದದ್ದೆಲ್ಲ ಜಗಲಿಗೆ ಬರೆದದ್ದು.

ಅಕ್ಕಾ, ಕೆಂಚನ ಮೈಮೇಲೆ ಯಾವ ಸ್ವಾಮಿಯೂ ಬಂದಿರಲಿಲ್ಲ. ಅವನಿಗೆ ಹೊಟ್ಟೆ ಉಬ್ಬರವಾಗಿತ್ತು. ನನಗೆ ಅದು ಆಗಲೇ ಗೊತ್ತಾಗಿತ್ತು.

ಹೋದ ವರ್ಷದ ದೋಣಿಯ ದಿನ ಕೆಂಚ ಎರಡು ಸಲ ನೆಕ್ಕಿ ಹಿಂದೆ ಸರಿದಿದ್ದ. “ಮೂರ್ತಪ್ಪನ ನಾಯಿಗೆ ದೇವ್ರ ಎಡೆ ಸೇರಾಕಿಲ್ಲ” ಎಂದು ಜನ ನಕ್ಕಿದ್ದರು. ಕುರಿ ಮಾರಿ ಕಂಬಳಿ ಅಂಗಡಿ ಇಟ್ಟವನು ಒಕ್ಕಲು ಕಸುಬು ಬಿಟ್ಟ, ಅದಕ್ಕೇ ಹೀಗೆ ಎಂದರು. ಅದು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಈ ಸಲ ಶನಿವಾರದ ಬದಲು ಶುಕ್ರವಾರ ಬೆಳಿಗ್ಗೆಯಿಂದಲೇ ಅವನಿಗೆ ಏನೂ ಹಾಕಲಿಲ್ಲ. ಈರಕ್ಕ ತುತ್ತು ಹಿಡಿದು ಬಂದರೆ ಗದರಿದೆ. ನೀನು ಹೇಳಿದ ಚಪ್ಪಡಿಯ ಮೇಲೆ ನಾನು ಮುದ್ದೆ ಹರಡಿದ್ದು ಮೊದಲ ಒಂದು ತಿಂಗಳು ಅಷ್ಟೇ. ಆಮೇಲೆ ಯಾರು ಮುರಿದು ಹರಡುತ್ತಾರೆಂದು ಬೋಗುಣಿಗೇ ಹಾಕುತ್ತಿದ್ದೆ. ಉಂಡು ಓಡಾಡಿ ಒಮ್ಮೊಮ್ಮೆ ಅವನ ಹೊಟ್ಟೆ ಬಿಗಿಯುತ್ತಿತ್ತು. ತೇಗಿದ ಮೇಲೆ ಸರಿಹೋಗುತ್ತಿತ್ತು. ಸರಿಹೋಯಿತಲ್ಲ ಎಂದು ನಾನೂ ಮರೆಯುತ್ತಿದ್ದೆ.

ಆ ದಿನ ಅವನು ಸುತ್ತುವಾಗ ನಾನು ಹೋಗಿ ಹೊಟ್ಟೆ ಮುಟ್ಟಿದೆ. ಪಕ್ಕೆಲುಬಿನ ಹಿಂದೆ ಡಮರುಗದ ಚರ್ಮದಂತೆ ಬಿಗಿದಿತ್ತು. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿದ್ದ. ವಾಂತಿ ಮಾಡಲು ಅಷ್ಟು ಒದ್ದಾಡಿದರೂ ಬರೀ ಜೊಲ್ಲು. ಈರಕ್ಕ ನನ್ನ ಕಿವಿಯ ಹತ್ತಿರ ಬಂದು, “ಉಬ್ಬರ ಕಣ್ರೀ ಇದು, ಕುರೀಗೆ ಆಗಾಂಗೆ. ಯಾರ್ನಾದ್ರೂ ಕರೀರಿ” ಎಂದಳು. “ಸುಮ್ಕಿರೇ, ಜನ ನೋಡ್ತಾ ಅವ್ರೆ” ಎಂದೆ. ಸಂಜೆಯವರೆಗೂ ಸುಮ್ಮನಿದ್ದೆ. ಎಲ್ಲರ ಜೊತೆ ಕೈಯನ್ನೂ ಮುಗಿದೆ.

ಮಾಳನಿಗೆ ಇದನ್ನು ಮಾಡಬೇಡಿ. ಉಪವಾಸ ಬಿದ್ದ ನಾಯಿಯ ಮುಂದೆ ದೋಣಿ ತುಂಬಿಸಿ ಇಡಬೇಡಿ. ನಿಮ್ಮ ಕಾಗದ ನಿನ್ನೆ ತಲುಪಿತು. ಎರಡು ದಿನ ನಡೆದರೆ ನಾನೇ ಬಂದು ತಡೆಯಬಹುದು ಎಂದು ಗೊತ್ತು. ಹಿಮ್ಮಡಿಗೆ ಮುಳ್ಳು ಚುಚ್ಚಿದೆ ಎಂದು ನಿನ್ನೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಮುಳ್ಳೇನೂ ಇಲ್ಲ. ಭಾವನ ಮುಖ ನೋಡುವ ಧೈರ್ಯವಿಲ್ಲ. ಈ ಕಾಗದ ಹುಣ್ಣಿಮೆಯ ಮೊದಲು ನಿನ್ನ ಕೈಗೆ ಸೇರಲಿ ಸ್ವಾಮಿ ಎಂದು ಬೇಡಿಕೊಂಡೆ. ಯಾವ ಸ್ವಾಮಿಯನ್ನು ಬೇಡಿದೆ ನೋಡು, ನಾಚಿಕೆಗೆಟ್ಟವನು.

ಮೂರ್ತಪ್ಪ


ಗುಡ್ಡದಹಟ್ಟಿ
೨೨ ಫೆಬ್ರವರಿ, ಶನಿವಾರ

ಮೂರ್ತಪ್ಪ,

ಇದನ್ನು ಶಾಲೆಯ ಹಿಂದಿನ ಬೇವಿನ ಕಟ್ಟೆಯ ಮೇಲೆ ಕುಳಿತು ಬರೆಸುತ್ತಿದ್ದೇನೆ. ಮೇಷ್ಟ್ರು ಮತ್ತು ನಾನು, ಇಬ್ಬರೇ.

ಮಾಳ ಬದುಕಿದ್ದಾನೆ. ಮೊದಲು ಅದನ್ನು ಕೇಳಿಸಿಕೋ.

ನಿನ್ನ ಕಾಗದ ಬುಧವಾರ ಬಂತು. ಹುಣ್ಣಿಮೆ ಸೋಮವಾರವೇ ಮುಗಿದಿತ್ತು. ಸೋಮವಾರ ನಾಯಿ ಸತ್ತಿದ್ದರೆ ಬುಧವಾರದ ನಿಜವನ್ನು ನಾನು ಒಲೆಗೆ ಹಾಕಬೇಕಿತ್ತೇನೋ? ಮುಳ್ಳಿಲ್ಲದ ಕಾಲಿಟ್ಟುಕೊಂಡು ಮನೆಯಲ್ಲಿ ಕುಳಿತೆಯಲ್ಲೋ ಪಾಪಿ. ಬಾ ಎಂದು ಎರಡು ಸಲ ಓದಿಸಿ ಬರೆಸಿದ್ದು ಯಾಕೆಂದುಕೊಂಡೆ?

ನಿನ್ನ ಮೊದಲನೇ ಕಾಗದದಲ್ಲೇ ನನಗೆ ಗೊತ್ತಾಗಿತ್ತು. ಸುತ್ತಿದ, ಜೊಲ್ಲು ಸುರಿಸಿದ, ಹೊಕ್ ಹೊಕ್ ಎಂದ, ಏನೂ ಬೀಳಲಿಲ್ಲ ಎಂದು ಮೇಷ್ಟ್ರು ಓದುತ್ತಿದ್ದಂತೆ ಇದು ಉಬ್ಬರವೇ ಎಂದುಕೊಂಡೆ. ನಾವು ಕುರಿ ಸಾಕುವವರು ಕಣೋ. ಹಸಿ ಜೋಳದ ಕುಡಿ ತಿಂದು ಕುರಿಯ ಹೊಟ್ಟೆ ಉಬ್ಬಿದರೆ ಬಾಯಿಗೆ ಕಡ್ಡಿ ಕಟ್ಟುತ್ತೇವೆ, ಎಣ್ಣೆ ಕುಡಿಸುತ್ತೇವೆ, ಆಗದಿದ್ದರೆ ದಬ್ಬಳ ಹಿಡಿದು ಪಕ್ಕೆಗೆ ಚುಚ್ಚುತ್ತೇವೆ. ಕುರಿಗೆ ಬಂದರೆ ಉಬ್ಬರ, ನಾಯಿಗೆ ಬಂದರೆ ಸ್ವಾಮಿಯೇ? ಆ ಜಗಲಿಯಲ್ಲಿ ಹತ್ತು ಜನ ಕುರುಬರಿದ್ದರು. ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದ ನಾನು ಬಾಯಿ ಬಿಡಲಿಲ್ಲ.

ಯಾಕೆಂದು ಕೇಳು. ಕುಂಕುಮ ಇಟ್ಟರಲ್ಲ, ದೀಪ ಹಚ್ಚಿಸಿದರಲ್ಲ, ಅದಕ್ಕೆ. ಹದಿನಾಲ್ಕು ವರ್ಷ ಈ ಮನೆಯಲ್ಲಿ ಸಿಗದ ಮರ್ಯಾದೆ ಒಂದು ನಾಯಿಯ ಸಾವಿನಿಂದ ಸಿಕ್ಕಿತ್ತು. ನೀನೇ ಬಾಯಿ ಬಿಡಲಿ, ನನ್ನ ಮೇಲೆ ಬರುವುದು ಬೇಡ ಎಂದು ಚಪ್ಪಡಿಯ ಮಾತು ಎತ್ತಿದೆ. ನಿನ್ನೊಬ್ಬನಿಗೇ ಬೈಯಲು ನನಗೂ ಬಾಯಿಲ್ಲ.

ಶನಿವಾರ ಸಂಜೆ ಮಾಳನನ್ನು ಕಟ್ಟಿ ಹಾಕಿದರು. ನಾನು ಹಟ್ಟಿಯ ಕಸ ಗುಡಿಸುವ ನೆಪದಲ್ಲಿ ಮಡಿಲಲ್ಲಿ ಮುದ್ದೆ ಇಟ್ಟುಕೊಂಡು ಹೋಗುತ್ತಿದ್ದೆ. ನಿಂಬೆಕಾಯಷ್ಟು ಒಂದು ತುಣುಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಭಾನುವಾರ ಪೂರ್ತಿ ಹೀಗೇ, ಸೋಮವಾರ ಬೆಳಿಗ್ಗೆಯೂ ಹೀಗೇ. ನೀರೂ ಒಂದೊಂದೇ ಗುಟುಕು. ಅವನ ಹೊಟ್ಟೆ ಹಸಿದೂ ಇರಲಿಲ್ಲ, ಬಿಗಿದೂ ಇರಲಿಲ್ಲ. ಗೊರವಯ್ಯ ಡಮರುಗ ಬಾರಿಸಿ ದೋಣಿ ಮುಂದಿಟ್ಟರೆ ಮಾಳ ಮೂಸಿ ನೋಡಿ, ನಾಲ್ಕು ಸಲ ನೆಕ್ಕಿ, ಬಾಲ ಅಲ್ಲಾಡಿಸುತ್ತ ನನ್ನ ಹತ್ತಿರ ಬಂದು ಮಲಗಿದ.

ಅಯ್ಯೋ, ಆಗ ಶುರುವಾಯಿತು ನೋಡು. “ಸ್ವಾಮಿ ಒಲ್ಲೆ ಅಂದವ್ನೆ. ಮನ್ಯಾಗೆ ಯಾರೋ ಉಪವಾಸ ಮುರ್ದವ್ರೆ” ಎಂದ ಗೊರವಯ್ಯ. ಅತ್ತೆ ಒಬ್ಬೊಬ್ಬರನ್ನೇ ನಿಲ್ಲಿಸಿ ಭಂಡಾರದ ಮೇಲೆ ಕೈ ಇಡಿಸಿ ಕೇಳಿದರು. ನನ್ನ ಸರದಿ ಬಂತು. ನಾಯಿಗೆ ಹಾಕಿದೆ ಎಂದರೆ ಯಾಕೆ ಹಾಕಿದೆ ಎನ್ನುತ್ತಾರೆ. ಯಾಕೆ ಎಂದರೆ ನಿನ್ನ ಹೆಸರು ಬರುತ್ತದೆ. “ನಾನೇ ಅತ್ತೆ. ಹಸಿವು ತಡೀಲಿಲ್ಲ, ಉಂಡ್ಬಿಟ್ಟೆ” ಎಂದೆ. ಭಂಡಾರದ ಮೇಲೆ ಕೈ ಇಟ್ಟು ಸುಳ್ಳು ಹೇಳಿದೆ.

ಈಗ ನನಗೆ ದೇವರ ಕೋಣೆಯಿಲ್ಲ. ಒಲೆ ಮುಟ್ಟುವಂತಿಲ್ಲ. ಕುರಿದೊಡ್ಡಿಯ ಪಕ್ಕ ಬೇರೆ ತಟ್ಟೆಯಲ್ಲಿ ನನ್ನ ಊಟ. “ಹೊಟ್ಟೆಬಾಕಿ” ಎಂದು ಹೆಸರಿಟ್ಟಿದ್ದಾರೆ. ಇಟ್ಟರೆ ಇಟ್ಟುಕೊಳ್ಳಲಿ. ನಿಮ್ಮ ಭಾವ ಮುಖ ಕೊಟ್ಟು ಮಾತಾಡುವುದಿಲ್ಲ, ಅದೊಂದು ಸಹಿಸಲಾಗುವುದಿಲ್ಲ. ಮುಂದಿನ ವರ್ಷ ಮಾಳನಿಗೆ ಇನ್ನೂ ಒಂದು ದಿನ ಹೆಚ್ಚಿಗೆ ಉಪವಾಸ ಕೆಡವಬೇಕು ಎಂದು ಗೊರವಯ್ಯ ಹೇಳಿ ಹೋಗಿದ್ದಾನೆ. ಎಲ್ಲರೂ ಹೂಂ ಎಂದಿದ್ದಾರೆ.

ನಿನ್ನ ಕಾಗದ ಹಿಡಿದು ಮೇಷ್ಟ್ರು, “ಇದನ್ನು ಜಗಲಿಯಲ್ಲಿ ಓದಲೇನಮ್ಮ, ನಿನ್ನ ಮೇಲಿನ ಅಪವಾದ ಹೋಗುತ್ತದೆ” ಎಂದು ಕೇಳಿದರು. ಬೇಡ ಎಂದೆ. ಕಾಗದಕ್ಕೆ ಮುಖವಿಲ್ಲ. ಬೈಯುವವರು ಯಾರ ಮುಖ ನೋಡಿ ಬೈಯಬೇಕು?

ಯಲ್ಲಕ್ಕ


೨೭ ಫೆಬ್ರವರಿ, ಗುರುವಾರ
ಟಪಾಲಿಗೆ ಹಾಕದೆ ಕೈಯಲ್ಲೇ ತಂದದ್ದು

ಮೇಷ್ಟ್ರೇ, ಇದನ್ನು ಜಗಲಿಯಲ್ಲೇ ಓದಿ. ಗಟ್ಟಿಯಾಗಿ ಓದಿ, ಕುರಿದೊಡ್ಡಿಯ ಹತ್ತಿರ ಕುಳಿತವಳಿಗೂ ಕೇಳಿಸಲಿ. ಬಾಯಿಬಿಟ್ಟು ಹೇಳಲು ಹೋದರೆ ಅಂಜಿ ಅರ್ಧ ನುಂಗುವವನು ನಾನು, ಅದಕ್ಕೇ ಬರೆದು ತಂದಿದ್ದೇನೆ. ಅಕ್ಕ ಕೇಳಿದ ಮುಖವನ್ನೂ ತಂದಿದ್ದೇನೆ. ಜಗಲಿಯ ಕೆಳಗೆ ಕುಳಿತಿರುವವನೇ ನಾನು.

ಭಾವನವರೇ, ಅತ್ತೆಯವರೇ, ನಿಮ್ಮ ಮನೆಯಲ್ಲಿ ಅಕ್ಕ ಉಪವಾಸ ಮುರಿಯಲಿಲ್ಲ. ಅವಳು ಮಾಳನಿಗೆ ತುಣುಕು ತುಣುಕಾಗಿ ಮುದ್ದೆ ಹಾಕಿದಳು. ಹಾಕದಿದ್ದರೆ ನೀವು ಇಷ್ಟು ಹೊತ್ತಿಗೆ ಅವನಿಗೂ ಒಂದು ಕಲ್ಲು ನೆಟ್ಟಿರುತ್ತಿದ್ದಿರಿ. ನಮ್ಮ ಕೆಂಚ ಸತ್ತದ್ದು ಸ್ವಾಮಿ ಬಂದು ಅಲ್ಲ, ಉಬ್ಬರ ಬಂದು. ನಾನು ಜನರ ಮುಂದೆ ದೊಡ್ಡವನಾಗಬೇಕೆಂದು ಅವನನ್ನು ಎರಡು ದಿನ ಹಸಿವಿನಲ್ಲಿ ಕೆಡವಿ ದೋಣಿಯ ಮುಂದೆ ಬಿಟ್ಟೆ. ಹೊಟ್ಟೆ ಬಿಗಿದದ್ದನ್ನು ಕೈಯಾರೆ ಮುಟ್ಟಿ ನೋಡಿಯೂ ಬಾಯಿ ಮುಚ್ಚಿಕೊಂಡೆ. ನಿಮಗೆ ಸುಳ್ಳು ಬರೆದೆ. ಹೋದ ಸೋಮವಾರ ಹುಣಸೆಮರದ ಕೆಳಗೆ ನಿಂತು ಆದಿವಾಲದವರಿಗೂ ಇದನ್ನೇ ಹೇಳಿದೆ. ಕೆಲವರು ಉಗಿದರು. ಕೆಲವರು, “ಇವಂಗೆ ತಲೆ ಕೆಟ್ಟೈತೆ” ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಕಲ್ಲಿಗೆ ಕಾಯಿ ಒಡೆದರು. ಈರಕ್ಕ ಮಾತ್ರ ಆ ದಿನ ನನಗೆ ಊಟ ಬಡಿಸಿ ಎದುರಿಗೆ ಕುಳಿತಳು.

ಒಂದು ಮಾತನ್ನು ನಾನು ಅಕ್ಕನಿಗೂ ಬರೆದಿರಲಿಲ್ಲ. ಅದನ್ನೂ ಓದಿ ಮೇಷ್ಟ್ರೇ.

ಭಂಡಾರ ಸುರಿದು ಜನ ಕೈ ಮುಗಿದು ನಿಂತಿದ್ದಾಗ ಕೆಂಚ ಆ ಗುಂಪಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ಅಷ್ಟು ಜನರಲ್ಲಿ ನನ್ನನ್ನೇ. ಬಂದು ನನ್ನ ಪಾದದ ಮೇಲೆ ತಲೆ ಇಟ್ಟ. ಮರಿಯಾಗಿದ್ದಾಗ ಮುಳ್ಳು ತುಳಿದರೆ ಹೀಗೇ ಬಂದು ಇಡುತ್ತಿದ್ದ, ತೆಗೆ ಎಂದು. ಗೊರವಯ್ಯ ನನ್ನತ್ತ ನೋಡಿದ. ಸ್ವಾಮಿಯ ತಲೆಗೆ ಕಾಲು ತಾಗಿತು ಎಂದು ಜನ ಅನ್ನುತ್ತಾರೆಂದು ಹೆದರಿ ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಅವನ ಗದ್ದ ನೆಲಕ್ಕೆ ಬಡಿಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಏನು ಶಿಕ್ಷೆ ಕೊಟ್ಟರೂ ಕೊಡಿ, ಒಲ್ಲೆ ಎನ್ನುವುದಿಲ್ಲ. ಅಕ್ಕನ ತಟ್ಟೆಯನ್ನು ಒಳಗೆ ಇಡಿ, ಆ ಜಾಗದಲ್ಲಿ ನನ್ನ ತಟ್ಟೆ ಇಡಿ. ದೋಣಿ ತುಂಬಿಸುವ ದಿನ ಯಾರು ಬೇಕಾದರೂ ಉಪವಾಸ ಇರಲಿ, ನಾಯಿ ಬೇಡ.

ಇನ್ನು ಮಾಳನ ಹಗ್ಗ ಬಿಚ್ಚಿ. ನನ್ನ ಮೈಯಲ್ಲಿ ಅವನ ಅಣ್ಣನ ವಾಸನೆ ಇನ್ನೂ ಇದೆಯೋ ಏನೋ, ಬಂದರೆ ಬರಲಿ. ನಾನು ಕಾಲು ಚಾಚಿಕೊಂಡೇ ಕುಳಿತಿದ್ದೇನೆ.

ಮೂರ್ತಪ್ಪ